ಕಡಲನ್ನು ಬತ್ತಿಸುವವರು ಯಾರು? ಅಡ್ಮಿರಲ್ ಹ್ಯೂಸ್ ಮತ್ತು ನಮ್ಮ ಕರಾವಳಿ

(ಸಂಘದ ಇತಿಹಾಸ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಗ್ಲಿಷ್ ನೌಕಾಧಿಪತಿಯೊಬ್ಬನ ಜೀವನವನ್ನು ಕುರಿತು ಮಾತನಾಡುತ್ತೇನೆಂದು ನಾನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಆಮೇಲೆ ತಮ್ಮ ಸಹಜ ಸೌಜನ್ಯದಿಂದ, "ಹೈದರಾಲಿಯನ್ನು ಕುರಿತೇ ಮಾತನಾಡಬಹುದಿತ್ತಲ್ಲ, ರಾಯರೆ?" ಎಂದರು. ನಾನು ಹೈದರನನ್ನು ಕುರಿತೇ ಮಾತನಾಡಲಿದ್ದೇನೆ. ಆದರೆ ಇದುವರೆಗೆ ನಾವು ಅವನನ್ನು ಶ್ರೀರಂಗಪಟ್ಟಣದ ಕೋಟೆಯ ಮೇಲಿನಿಂದ ನೋಡಿದ್ದೇವೆ. ಇಂದು ಮಾತ್ರ ಸಮುದ್ರದ ಕಡೆಯಿಂದ, ಅವನ ಶತ್ರುವಿನ ಹಡಗಿನ ಮೇಲಿನಿಂದ ನೋಡೋಣ ಎಂಬುದು ನನ್ನ ಬಿನ್ನಹ.

ಈ ವಿಷಯದ ಗೀಳು ನನಗೆ ಹತ್ತಿದ್ದು ಗ್ರಂಥಾಲಯದಲ್ಲಲ್ಲ. ನನ್ನ ತಂದೆ 1940ರ ದಶಕದಲ್ಲಿ ದಕ್ಷಿಣ ಕನ್ನಡದಿಂದ ಆಗಬೋಟು ಹತ್ತಿ ಮುಂಬಯಿಗೆ ಬಂದವರು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಎಷ್ಟೋ ಜನರ ಮನೆಯ ಕಥೆಯೂ ಅದೇ. ನಾನು ಬಲ್ಲಾರ್ಡ್ ಎಸ್ಟೇಟಿನ ಒಂದು ಕಚೇರಿಯಲ್ಲಿ ಹಡಗುಗಳ ಸರಕುಪಟ್ಟಿ ಬರೆಯುತ್ತ ಮೂವತ್ತು ವರ್ಷ ಕಳೆದೆ. ಕಿಟಕಿಯಾಚೆ ಗೋದಿಯ ಗೋಡೆ ಕಾಣುತ್ತಿತ್ತು. ಆ ಗೋಡೆಯ ಹಿಂದೆ 1750ರಷ್ಟು ಹಿಂದೆ ಕಟ್ಟಿದ ಗೋದಿಯೊಂದು ಇದೆಯೆಂದೂ, ನಮ್ಮ ಮೈಸೂರಿನ ಯುದ್ಧಗಳ ಭವಿಷ್ಯ ಒಂದರ್ಥದಲ್ಲಿ ಅಲ್ಲಿಯೇ ನಿರ್ಧಾರವಾಯಿತೆಂದೂ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಆ ಗೋದಿಯನ್ನು ಬಲ್ಲ ಮನುಷ್ಯನೇ ನನ್ನ ಇಂದಿನ ಕಥಾನಾಯಕ: ಸರ್ ಎಡ್ವರ್ಡ್ ಹ್ಯೂಸ್.

ನೆಲ್ಸನ್ನನ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಹ್ಯೂಸನ ಹೆಸರನ್ನು ಇಂಗ್ಲಿಷರೇ ಹೆಚ್ಚಾಗಿ ಓದುವುದಿಲ್ಲ. ಅದಕ್ಕೆ ಕಾರಣವಿದೆ. ಅವನು ಒಬ್ಬನೇ ಎದುರಾಳಿಯೊಡನೆ ಹದಿನಾರು ತಿಂಗಳಲ್ಲಿ ಐದು ಬಾರಿ ಹೋರಾಡಿದ. ಐದರಲ್ಲಿ ಒಂದನ್ನೂ ಮೆರೆದಾಡುವಂತೆ ಗೆಲ್ಲಲಿಲ್ಲ. ಆದರೆ ಒಂದರಲ್ಲಿಯೂ ತನ್ನ ಪಡೆಯನ್ನು ಕಳೆದುಕೊಳ್ಳಲಿಲ್ಲ. ಗೆಲ್ಲದೆಯೂ ಸೋಲದಿರುವ ಇಂಥ ಮನುಷ್ಯರನ್ನು ಇತಿಹಾಸ ಬೇಗ ಮರೆಯುತ್ತದೆ. ಆದರೆ ರಾಜ್ಯಗಳ ಹಣೆಬರಹ ಅನೇಕ ಸಲ ಅವರ ಕೈಯಲ್ಲಿಯೇ ಇರುತ್ತದೆ.

ಹ್ಯೂಸ್ ಹುಟ್ಟಿದ್ದು ಸುಮಾರು 1720ರಲ್ಲಿ. ನೌಕಾಪಡೆಗೆ ಸೇರಿದ್ದು 1735ರಲ್ಲಿ. ಆ ಕಾಲದಲ್ಲಿ ಹಡಗಿನ ಅಧಿಕಾರಿಯಾಗಬೇಕಾದವನು ಮೀಸೆ ಮೂಡುವ ಮೊದಲೇ ಹಡಗು ಹತ್ತುತ್ತಿದ್ದ. ಹಗ್ಗ ಕಟ್ಟುವುದರಿಂದ ಹಿಡಿದು ನಕ್ಷತ್ರ ನೋಡಿ ದಿಕ್ಕು ಹಿಡಿಯುವವರೆಗೆ ಎಲ್ಲವನ್ನೂ ಅಲ್ಲಿಯೇ ಕಲಿಯುತ್ತಿದ್ದ. 1739ರಲ್ಲಿ ಅಡ್ಮಿರಲ್ ವರ್ನನ್ ಆರು ಹಡಗುಗಳೊಡನೆ ಸ್ಪೇನಿನವರ ಪೋರ್ಟೊ ಬೆಲೊ ಬಂದರನ್ನು ಹಿಡಿದಾಗ ಹ್ಯೂಸ್ ಅಲ್ಲಿದ್ದ. ಮರುವರ್ಷ ಲೆಫ್ಟಿನೆಂಟನಾದ. 1741ರಲ್ಲಿ ಅದೇ ವರ್ನನ್ ಕಾರ್ತಹೇನಾ ನಗರವನ್ನು ಮುತ್ತಿ ಸೋತಾಗಲೂ ಅಲ್ಲಿದ್ದ. ಅಲ್ಲಿ ಫಿರಂಗಿಗಿಂತ ಹೆಚ್ಚು ಜನರನ್ನು ಕೊಂದದ್ದು ಜ್ವರ. ಮೊದಲ ಪಾಠ ಅದು: ಸಮುದ್ರದ ಯುದ್ಧದಲ್ಲಿ ರೋಗವೇ ದೊಡ್ಡ ಶತ್ರು.

ಎರಡನೆಯ ಪಾಠ 1744ರ ತುಲೋನ್ ಕದನದ್ದು. ಇದನ್ನು ಸ್ವಲ್ಪ ವಿವರಿಸಬೇಕು. ಹಾಯಿಹಡಗಿನ ಫಿರಂಗಿಗಳು ಅದರ ಎರಡು ಪಕ್ಕಗಳಲ್ಲಿ ಸಾಲಾಗಿರುತ್ತವೆ; ಮುಂದಕ್ಕೂ ಹಿಂದಕ್ಕೂ ಹೆಚ್ಚು ಗುಂಡು ಹಾರಿಸಲಾಗದು. ಆದ್ದರಿಂದ ಹಡಗುಗಳು ಒಂದರ ಹಿಂದೊಂದು, ಇರುವೆಯ ಸಾಲಿನಂತೆ ನಡೆದು, ಪಕ್ಕವನ್ನು ಶತ್ರುವಿಗೆ ತೋರಿಸಿ ಹೊಡೆಯಬೇಕು. ಸಾಲು ಮುರಿದರೆ ಕೆಟ್ಟಿತು. ತುಲೋನಿನಲ್ಲಿ ಇಂಗ್ಲಿಷರ ಸಾಲು ಮುರಿಯಿತು. ಕದನಕ್ಕಿಂತ ದೊಡ್ಡ ರಂಪಾಟ ಆಮೇಲೆ ಸೇನಾ ನ್ಯಾಯಾಲಯದಲ್ಲಿ ನಡೆದು, ಪಡೆಯ ಮುಖ್ಯಸ್ಥನೇ ಹುದ್ದೆ ಕಳೆದುಕೊಂಡ. ಮುಂದೆ 1757ರಲ್ಲಿ ಮಿನೋರ್ಕಾ ದ್ವೀಪವನ್ನು ಉಳಿಸಲಾಗದ ಅಡ್ಮಿರಲ್ ಬಿಂಗನನ್ನು ಅವನದೇ ಸರಕಾರ ಗುಂಡಿಟ್ಟು ಕೊಂದಿತು. ಇಂಥ ಸೇವೆಯಲ್ಲಿ ಬೆಳೆದವನು ಮುಂದೆ ಸಾಲನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲು ಹಿಂಜರಿದರೆ ಅದನ್ನು ಹೇಡಿತನವೆನ್ನಲು ನಾನು ಸಿದ್ಧನಿಲ್ಲ. ವಿಚಿತ್ರವೆಂದರೆ ಅದೇ ತುಲೋನ್ ಕದನದಲ್ಲಿ ಎದುರು ಪಕ್ಷದ ಹಡಗೊಂದರಲ್ಲಿ ಹದಿನಾಲ್ಕು ವರ್ಷದ ಫ್ರೆಂಚ್ ಹುಡುಗನೊಬ್ಬನಿದ್ದ. ಅವನ ಹೆಸರು ಸಫ್ರೆನ್. ಮೂವತ್ತೆಂಟು ವರ್ಷಗಳ ಬಳಿಕ ಈ ಇಬ್ಬರೂ ನಮ್ಮ ಪೂರ್ವ ತೀರದಲ್ಲಿ ಎದುರುಬದುರಾಗುತ್ತಾರೆ.

ಮೂರನೆಯ ಪಾಠ ಕೆನಡಾದಲ್ಲಿ ಸಿಕ್ಕಿತು. 1758ರಲ್ಲಿ ಲೂಯಿಬೂರ್ಗ್ ಕೋಟೆಯ ಮುತ್ತಿಗೆ, 1759ರಲ್ಲಿ ಕ್ವಿಬೆಕ್ ವಿಜಯ, ಎರಡರಲ್ಲಿಯೂ ಹ್ಯೂಸ್ 'ಸಾಮರ್ಸೆಟ್' ಎಂಬ ಹಡಗಿನ ಕಪ್ತಾನನಾಗಿದ್ದ. ಕ್ವಿಬೆಕ್ಕಿನ ಕೀರ್ತಿ ಭೂಸೇನೆಯ ವುಲ್ಫನಿಗೆ ಸಂದಿತು. ಆದರೆ ಆ ಸೇನೆಯನ್ನು ಅಪಾಯಕರವಾದ ನದಿಯ ಹಾದಿಯಲ್ಲಿ ಕೊಂಡೊಯ್ದು ಇಳಿಸಿದವರು ನಾವಿಕರು. ಹಡಗೆಂದರೆ ಬರಿಯ ಫಿರಂಗಿಯ ಗಾಡಿಯಲ್ಲ, ಅದು ಸೇನೆಯ ಕಾಲು ಎಂಬ ಅರಿವು ಹ್ಯೂಸನಿಗೆ ಅಲ್ಲಿ ಬಂದಿರಬೇಕು. ನಮ್ಮ ಹೊನ್ನಾವರದ ದಡದಲ್ಲಿ ಈ ಪಾಠದ ಪ್ರಯೋಗವಾಗುವುದನ್ನು ಮುಂದೆ ನೋಡುತ್ತೇವೆ.

ಬಂಧುಗಳೆ, 1773ರಲ್ಲಿ ಹ್ಯೂಸ್ ಪೂರ್ವ ಸಮುದ್ರದ ನೌಕಾಪಡೆಯ ಮುಖ್ಯಸ್ಥನಾಗಿ ಮೊದಲ ಬಾರಿ ನಮ್ಮ ಕಡೆ ಬಂದ. ನಾಲ್ಕು ವರ್ಷ ಇಲ್ಲಿದ್ದ. ಆ ಪಡೆಯ 'ಸೀ ಹಾರ್ಸ್' ಎಂಬ ಹಡಗಿನಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದ. 1775ರ ಫೆಬ್ರವರಿಯಲ್ಲಿ ಮಲಬಾರ ತೀರದಾಚೆ ಆ ಹಡಗು ಹೈದರಾಲಿಯ ಬಾವುಟ ಹೊತ್ತ ಎರಡು ನೌಕೆಗಳೊಡನೆ ಗುಂಡಿನ ಚಕಮಕಿ ನಡೆಸಿತು. ಆ ಹುಡುಗ ಕಂಡ ಮೊದಲ ಕಾಳಗವೇ ಅದು. ಮರುವರ್ಷ ಮಲೇರಿಯಾ ಹಿಡಿದು, ಬದುಕುವ ಆಸೆಯೇ ಇಲ್ಲದಂತಾಗಿ, ಅವನನ್ನು ಮುಂಬಯಿಯಿಂದ ಊರಿಗೆ ಕಳುಹಿಸಿದರು. ಅವನೇ ಹೊರೇಷಿಯೊ ನೆಲ್ಸನ್. ಮುಂದೆ ಟ್ರಾಫಾಲ್ಗರಿನ ವೀರನೆಂದು ಜಗತ್ತು ಕೊಂಡಾಡಿದವನಿಗೆ ಸಮರದ ಅಕ್ಷರಾಭ್ಯಾಸ ಮಾಡಿಸಿದ್ದು ನಮ್ಮ ಹೈದರನ ಹಡಗುಗಳು ಎಂದರೆ ಅತಿಶಯೋಕ್ತಿಯಾಗದು.

ಹೈದರನ ಹಡಗುಗಳು! ಈ ಮಾತು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಪಠ್ಯಪುಸ್ತಕಗಳ ಹೈದರ್ ಕುದುರೆಯಿಂದ ಕೆಳಗಿಳಿಯುವುದೇ ಇಲ್ಲ. ಆದರೆ 1763ರಲ್ಲಿ ಬಿದನೂರನ್ನು ಗೆದ್ದಾಗ ಅವನಿಗೆ ಕೆಳದಿಯ ನಾಯಕರ ಬೊಕ್ಕಸದೊಡನೆ ಮಂಗಳೂರು, ಹೊನ್ನಾವರದಂಥ ಬಂದರುಗಳೂ ದೊರೆತವು. ಘಟ್ಟದ ಸಾಗುವಾನಿ, ಕರಾವಳಿಯ ಬಡಗಿಗಳು, ತಲೆತಲಾಂತರದಿಂದ ಅರಬ್ಬೀ ಸಮುದ್ರವನ್ನು ಬಲ್ಲ ನಾವಿಕರು, ಎಲ್ಲವೂ ಒಮ್ಮೆಗೇ ಕೈಸೇರಿದವು. ಅವನು ಹಡಗು ಕಟ್ಟಿಸಿದ. ಆದರೆ ನೌಕಾಬಲವೆಂಬುದು ಮರದಿಂದ ಮಾತ್ರ ಆಗುವುದಲ್ಲ, ಅನುಭವಿ ಅಧಿಕಾರಿಗಳಿಂದ ಆಗತಕ್ಕದ್ದು. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರನ್ನು ಹಿಡಿದಾಗ ಹೈದರನ ಹಡಗುಗಳ ಒಂದು ಭಾಗ ಕಾದಾಡದೆಯೇ ಶತ್ರುವಿನ ಕಡೆ ಸೇರಿಹೋಯಿತು. ಕೆಲವೇ ತಿಂಗಳಲ್ಲಿ ಮಂಗಳೂರು ಮರಳಿ ದಕ್ಕಿತು. ಛಲ ಬಿಡದ ಹೈದರ್ ಮತ್ತೆ ಹಡಗು ಕಟ್ಟಲು ತೊಡಗಿದ.

ಈ ಎರಡನೆಯ ನೌಕಾಪಡೆಯ ಕಥೆ ಮುಗಿಸಿದವನೇ ಹ್ಯೂಸ್. 1778ರಲ್ಲಿ ರಿಯರ್ ಅಡ್ಮಿರಲ್ ಪದವಿ ಪಡೆದು, 'ಸರ್' ಎಂಬ ಬಿರುದನ್ನೂ ಹೊತ್ತು, 'ಸುಪರ್ಬ್' ಎಂಬ 74 ಫಿರಂಗಿಗಳ ಹಡಗಿನಲ್ಲಿ ಅವನು 1780ರ ಆರಂಭದಲ್ಲಿ ಎರಡನೆಯ ಬಾರಿ ಭಾರತಕ್ಕೆ ಬಂದ. ಅದೇ ವರ್ಷದ ಮಳೆಗಾಲದಲ್ಲಿ ಹೈದರ್ ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. (ಇಂಗ್ಲಿಷರು ಅದನ್ನು 'ಕರ್ನಾಟಿಕ್' ಎನ್ನುತ್ತಿದ್ದರು. ಅದು ನಮ್ಮ ಕರ್ನಾಟಕವಲ್ಲ, ತಮಿಳು ಸೀಮೆ.) ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಬೈಲಿಯ ಸೈನ್ಯ ಮಣ್ಣುಪಾಲಾಯಿತು. ಭಾರತದ ನೆಲದಲ್ಲಿ ಇಂಗ್ಲಿಷರಿಗೆ ಅಲ್ಲಿಯವರೆಗೆ ಅಂಥ ಸೋಲು ಆಗಿರಲಿಲ್ಲ. ಆ ಗೋಡೆಚಿತ್ರವನ್ನು ನೀವೆಲ್ಲ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ನೋಡಿದ್ದೀರಿ. ದರಿಯಾ ಎಂದರೆ ಸಮುದ್ರ; 'ಸಮುದ್ರದ ಸಂಪತ್ತು' ಎಂಬ ಹೆಸರಿನ ಅರಮನೆಯ ಗೋಡೆಯ ಮೇಲೆ ನೆಲದ ಯುದ್ಧದ ಚಿತ್ರ! ಅದರ ವ್ಯಂಗ್ಯ ನನ್ನನ್ನು ಬಹುಕಾಲ ಕಾಡಿದೆ.

ಏಕೆಂದರೆ, ಪೊಲ್ಲಿಲೂರಿನ ವಿಜಯಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೆ, 1780ರ ಡಿಸೆಂಬರಿನಲ್ಲಿ, ಹ್ಯೂಸ್ ಮುಂಬಯಿಗೆ ಹೋಗುವ ದಾರಿಯಲ್ಲಿ ಮಂಗಳೂರಿನ ಅಳಿವೆಯ ಮುಂದೆ ಲಂಗರು ಹಾಕಿದ. ಬಂದರಿನಲ್ಲಿ ಹೈದರನ ದೊಡ್ಡ ಹಡಗುಗಳೂ ಗುರಾಬವೂ ಹಲವು ಸಣ್ಣ ನೌಕೆಗಳೂ ನಿಂತಿದ್ದವು. ಆಳವಿಲ್ಲದ ನೀರಿಗೆ ತನ್ನ ಭಾರೀ ಹಡಗುಗಳು ಹೋಗಲಾರವೆಂದು ಹ್ಯೂಸ್ ದೋಣಿಗಳಲ್ಲಿ ತನ್ನ ಜನರನ್ನು ಕಳುಹಿಸಿದ. ದಡದ ಕೋಟೆಯಿಂದ ಗುಂಡು ಸುರಿಯುತ್ತಿದ್ದರೂ ಅವರು ಹಡಗುಗಳನ್ನು ಹತ್ತಿ ಬೆಂಕಿಯಿಟ್ಟರು. ಹದಿನೇಳು ವರ್ಷಗಳ ಕನಸು ಹೀಗೆ ನೇತ್ರಾವತಿಯ ಬಾಯಲ್ಲಿ ಬೂದಿಯಾಯಿತು. ಈ ದಹನಕ್ಕೆ ಯಾವ ಗೋಡೆಯ ಮೇಲೂ ಚಿತ್ರವಿಲ್ಲ.

ಅಂದಿನಿಂದ ಹೈದರನಿಗೆ ಸಮುದ್ರದಲ್ಲಿ ಸ್ವಂತದ ಆಸರೆ ಇರಲಿಲ್ಲ. ತಾನು ನೆಲದ ಮೇಲೆ ಇಂಗ್ಲಿಷರನ್ನು ಎಷ್ಟು ಬಾರಿಯಾದರೂ ಸೋಲಿಸಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಎಂದು ಅವನು ಕೊನೆಗಾಲದಲ್ಲಿ ಹಲುಬಿದನೆಂದು ಹೇಳುತ್ತಾರೆ. ಮಾತು ಅವನದೇ ಆಗಿರಲಿ, ಇತರರು ಅವನ ಬಾಯಲ್ಲಿಟ್ಟದ್ದೇ ಆಗಿರಲಿ, ಪರಿಸ್ಥಿತಿಯ ವರ್ಣನೆಯಾಗಿ ಅದು ಸತ್ಯ. ಇನ್ನು ಅವನು ಬೇರೆಯವರ ಹಡಗನ್ನು ಕಾಯಬೇಕಾಯಿತು. ಆ ಹಡಗು ಫ್ರೆಂಚರದು. ಅದನ್ನು ತಂದವನು ಸಫ್ರೆನ್.

1781ರ ನವೆಂಬರಿನಲ್ಲಿ ಹ್ಯೂಸ್ ಡಚ್ಚರ ನಾಗಪಟ್ಟಣವನ್ನು ಭೂಸೇನೆಯೊಡಗೂಡಿ ಹಿಡಿದ. 1782ರ ಜನವರಿಯಲ್ಲಿ ಲಂಕೆಯ ತ್ರಿಂಕೋಮಲಿಯನ್ನೂ ತೆಗೆದುಕೊಂಡ. ಈ ತ್ರಿಂಕೋಮಲಿಯ ಮಹತ್ವವನ್ನು ತಿಳಿಯಬೇಕಾದರೆ ಪೂರ್ವ ತೀರದ ಸ್ವಭಾವ ತಿಳಿಯಬೇಕು. ಮದರಾಸು, ಪುದುಚೇರಿ, ಕಡಲೂರು ಯಾವುದಕ್ಕೂ ಆಗ ನಿಜವಾದ ಬಂದರಿರಲಿಲ್ಲ. ಹಡಗು ದೂರದಲ್ಲಿ ನಿಲ್ಲಬೇಕು. ತೆರೆಗಳನ್ನು ದಾಟಿಸಬಲ್ಲ ಮಸೂಲ ದೋಣಿಗಳೇ ಜನರನ್ನೂ ಸರಕನ್ನೂ ದಡ ಮುಟ್ಟಿಸಬೇಕು. ಅಕ್ಟೋಬರಿನಲ್ಲಿ ಈಶಾನ್ಯ ಮಾರುತ ಎದ್ದಿತೆಂದರೆ ಅಲ್ಲಿ ನಿಂತ ಹಡಗಿಗೆ ಸಾವೇ ಗತಿ. ಆಗ ಇಂಗ್ಲಿಷರ ಹಡಗುಗಳಿಗೆ ಇದ್ದದ್ದು ಮುಂಬಯಿ. ಇಲ್ಲಿ ನೀರು ಬಸಿದು ಹಡಗಿನ ತಳವನ್ನೇ ದುರಸ್ತಿ ಮಾಡಬಲ್ಲ ಗೋದಿಗಳು 1750, 1762, 1765ರಲ್ಲಿ ಒಂದೊಂದಾಗಿ ಸಿದ್ಧವಾಗಿದ್ದವು. ಸೂರತ್ತಿನಿಂದ 1736ರಲ್ಲಿ ಬಂದ ಪಾರಸಿ ಶಿಲ್ಪಿ ಲೌಜಿ ನುಸ್ಸರ್ವಾನ್‌ಜಿ ವಾಡಿಯಾ ಮತ್ತು ಆತನ ಮಕ್ಕಳ ಕೈಚಳಕ ಆ ಗೋದಿಗಳ ಜೀವಾಳ. ಸಫ್ರೆನ್ನನಿಗೆ ಭಾರತದ ತೀರದಲ್ಲಿ ಅಂಥ ಒಂದೂ ಇರಲಿಲ್ಲ. ಅವನ ನೆಲೆ ದೂರದ ಮಾರಿಷಸ್ ದ್ವೀಪ. ಮುರಿದ ಕೂವೆಮರಕ್ಕೆ ಬದಲು ಬೇಕಾದರೆ ಅವನು ತನ್ನದೇ ಸಣ್ಣ ಹಡಗುಗಳ ಕೂವೆ ಕೀಳಬೇಕಾಗಿತ್ತು. ಇಷ್ಟು ಕಷ್ಟದಲ್ಲಿಯೂ ಅವನು ತೀರವನ್ನು ಬಿಟ್ಟುಹೋಗಲಿಲ್ಲವೆಂಬುದು ಅವನ ಹಿರಿಮೆ.

ಐದು ಕದನಗಳನ್ನು ಒಂದೊಂದಾಗಿ ವರ್ಣಿಸಿ ನಿಮ್ಮನ್ನು ದಣಿಸುವುದಿಲ್ಲ. 1782ರ ಫೆಬ್ರವರಿ 17ರಂದು ಮದರಾಸಿನ ದಕ್ಷಿಣಕ್ಕೆ ಸದ್ರಾಸಿನ ಎದುರು. ಏಪ್ರಿಲ್ 12ರಂದು ಲಂಕೆಯ ಪ್ರಾವಿಡಿಯನ್ ಬಂಡೆಯ ಬಳಿ. ಜುಲೈ 6ರಂದು ನಾಗಪಟ್ಟಣದ ಎದುರು. ಸೆಪ್ಟೆಂಬರ್ 3ರಂದು ತ್ರಿಂಕೋಮಲಿಯ ಎದುರು. ಕೊನೆಯದು 1783ರ ಜೂನ್ 20ರಂದು ಕಡಲೂರಿನ ಎದುರು. ಸಫ್ರೆನ್ ಪ್ರತಿ ಬಾರಿಯೂ ಹುಲಿಯಂತೆ ಮೇಲೆರಗಿದ. ಎದುರಾಳಿಯ ಸಾಲಿನ ಒಂದು ಭಾಗದ ಮೇಲೆ ತನ್ನ ಬಲವನ್ನೆಲ್ಲ ಸುರಿಯುವುದು ಅವನ ಯುಕ್ತಿ. ಆದರೆ ಅವನ ಕಪ್ತಾನರಲ್ಲಿ ಹಲವರು ಅವನ ಮಾತನ್ನು ಪೂರ್ತಿಯಾಗಿ ನಡೆಸಲಿಲ್ಲ. ಹ್ಯೂಸ್ ಆನೆಯಂತೆ ನಿಂತ. ಸಾಲು ಬಿಡಲಿಲ್ಲ, ಓಡಲಿಲ್ಲ, ಬೆನ್ನಟ್ಟಲೂ ಇಲ್ಲ. ಎರಡನೆಯ ಕದನವಾದ ಮೇಲಂತೂ ಎರಡೂ ಪಡೆಗಳು ಒಂದರ ಕಣ್ಣಿಗೆ ಒಂದು ಕಾಣುವಷ್ಟು ಹತ್ತಿರದಲ್ಲಿಯೇ ಲಂಗರು ಹಾಕಿ, ಒಂದು ವಾರ ತಂತಮ್ಮ ಹಾಯಿ ಹೊಲಿದುಕೊಳ್ಳುತ್ತ, ತೂತು ಮುಚ್ಚುತ್ತ ಇದ್ದವು. ಮೂರನೆಯದರಲ್ಲಿ ಗಾಳಿ ಏಕಾಏಕಿ ದಿಕ್ಕು ಬದಲಿಸಿ ಎರಡೂ ಸಾಲುಗಳನ್ನು ಕಲಸಿಹಾಕಿತು. ನಾಲ್ಕನೆಯದರಲ್ಲಿ ಇಂಗ್ಲಿಷರ ಮೂವರು ಕಪ್ತಾನರು ಸತ್ತರು. ಸಫ್ರೆನ್ನನ ಸ್ವಂತ ಹಡಗಿನ ದೊಡ್ಡ ಕೂವೆ ಮುರಿದು ಬಿತ್ತು. ಇಷ್ಟೆಲ್ಲ ರಕ್ತ ಹರಿದರೂ ಐದೂ ಕದನಗಳಲ್ಲಿ ಸಾಲಿನ ಯುದ್ಧನೌಕೆ ಒಂದಾದರೂ ಶತ್ರುವಿನ ವಶವಾಗಲಿಲ್ಲ, ಮುಳುಗಲಿಲ್ಲ.

ಹ್ಯೂಸನ ತಪ್ಪುಗಳನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಮೂರನೆಯ ಕದನವಾದ ಮೇಲೆ ಅವನು ಮದರಾಸಿನಲ್ಲಿ ನಿಧಾನವಾಗಿ ದುರಸ್ತಿ ಮಾಡಿಕೊಳ್ಳುತ್ತಿದ್ದಾಗ ಸಫ್ರೆನ್ ಮಿಂಚಿನಂತೆ ಹೋಗಿ ತ್ರಿಂಕೋಮಲಿಯನ್ನು ಕಿತ್ತುಕೊಂಡ. ಹ್ಯೂಸ್ ಅಲ್ಲಿಗೆ ಮುಟ್ಟಿದಾಗ ಕೋಟೆಯ ಮೇಲೆ ಫ್ರೆಂಚ್ ಬಾವುಟ ಹಾರುತ್ತಿತ್ತು. ಆದರೆ ನನ್ನ ಮನಸ್ಸನ್ನು ಕಲಕಿದ ಸಂಗತಿಗಳು ಬೇರೆ ಎರಡಿವೆ.

ಮೊದಲನೆಯದು ಮದರಾಸಿನ ಕ್ಷಾಮ. ಹೈದರನ ಸವಾರರು ಸುತ್ತಲ ಸೀಮೆಯನ್ನು ಸುಟ್ಟು ಬರಿದು ಮಾಡಿದ್ದರು. ಇದನ್ನು ಕನ್ನಡಿಗರಾದ ನಾವು ಒಪ್ಪಿಕೊಳ್ಳಬೇಕು. ಹಳ್ಳಿಯ ಜನ ಅನ್ನಕ್ಕಾಗಿ ಪಟ್ಟಣಕ್ಕೆ ಬಂದು ತುಂಬಿದ್ದರು. ಅನ್ನ ಬರಬೇಕಾದದ್ದು ಸಮುದ್ರದಿಂದ. 1782ರ ಅಕ್ಟೋಬರ್ ಮಧ್ಯದಲ್ಲಿ ಬಿರುಗಾಳಿ ಎದ್ದು ಅಕ್ಕಿಯ ಹಡಗುಗಳನ್ನು ಮದರಾಸಿನ ದಡಕ್ಕೆ ಅಪ್ಪಳಿಸಿತು. ಗವರ್ನರ್ ಮಕಾರ್ಟ್ನಿ ಇರಬೇಕೆಂದು ಒತ್ತಾಯಿಸಿದರೂ ಹ್ಯೂಸ್ ತನ್ನ ಜರ್ಜರಿತ ಹಡಗುಗಳೊಡನೆ ಮುಂಬಯಿಗೆ ಹೊರಟುಹೋದ. ನಾವಿಕನಾಗಿ ಅವನ ನಿರ್ಧಾರ ಸರಿಯೆ. ನಿಂತಿದ್ದರೆ ಪಡೆಯೇ ಉಳಿಯುತ್ತಿರಲಿಲ್ಲ. ಆದರೆ ಮದರಾಸಿನ ಬೀದಿಗಳಲ್ಲಿ ಸಾವಿರಾರು ಜನ ಹಸಿವಿನಿಂದ ಸತ್ತರು. ಅವರನ್ನು ಕೊಂದವರು ಯಾರು? ಸುಟ್ಟ ಹೈದರನೆ, ಬಿಟ್ಟುಹೋದ ಹ್ಯೂಸನೆ, ಇಬ್ಬರನ್ನೂ ಕಾದಾಡಿಸಿದ ಲಾಭಕೋರ ಕಂಪನಿಯೆ? ವೀರಗಾಥೆಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ನಾವು ಕೇಳಬೇಕು.

ಎರಡನೆಯದು ಸೆರೆಯಾಳುಗಳ ವಿಚಾರ. ಸಫ್ರೆನ್ನನ ಬಳಿ ನೂರಾರು ಇಂಗ್ಲಿಷ್ ಸೆರೆಯಾಳುಗಳಿದ್ದರು. ಅವರಿಗೆ ಅನ್ನ ಹಾಕಲಾರದೆ ಅವನು ವಿನಿಮಯ ಮಾಡಿಕೊಳ್ಳೋಣವೆಂದು ಹ್ಯೂಸನಿಗೆ ಹೇಳಿಕಳುಹಿಸಿದ. ಹ್ಯೂಸ್ ತಾನು ಒಪ್ಪದೆ ಮದರಾಸಿನ ಆಡಳಿತದತ್ತ ಕೈ ತೋರಿಸಿದ. ಮಾತು ಮುರಿಯಿತು. 1782ರ ಆಗಸ್ಟಿನಲ್ಲಿ ಸಫ್ರೆನ್ ಅವರನ್ನು ಹೈದರನ ವಶಕ್ಕೆ ಕೊಟ್ಟುಬಿಟ್ಟ. ಅವರಲ್ಲಿ 'ಹ್ಯಾನಿಬಲ್' ಎಂಬ ಹಡಗಿನ ಜೇಮ್ಸ್ ಸ್ಕರಿ ಎಂಬ ಹದಿಹರೆಯದ ಹುಡುಗನಿದ್ದ. ಅವನನ್ನೂ ಇತರ ಹುಡುಗರನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದರು. ಅಲ್ಲಿ ಅವರ ಮತ, ಹೆಸರು, ಉಡುಗೆ ಎಲ್ಲವನ್ನೂ ಬಲವಂತದಿಂದ ಬದಲಿಸಿದರು. ಸುಮಾರು ಹತ್ತು ವರ್ಷಗಳ ಬಳಿಕ ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಸ್ಕರಿಗೆ ಕುರ್ಚಿಯ ಮೇಲೆ ಕೂರುವುದು ಕಷ್ಟವಾಗಿತ್ತು. ಅವನ ಇಂಗ್ಲಿಷ್ ತೊದಲು ತೊದಲಾಗಿ, ತಾಯಿನುಡಿಯ ಸಹಜ ಬನಿಯನ್ನೇ ಕಳೆದುಕೊಂಡಿತ್ತು. ಅವನ ಆತ್ಮಕಥನ 1824ರಲ್ಲಿ ಅಚ್ಚಾಯಿತು.

ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವನದು ಸೆರೆ, ನಮ್ಮದು ನಾವೇ ಆರಿಸಿಕೊಂಡ ವಲಸೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಹತ್ತು ವರ್ಷದಲ್ಲಿ ಒಬ್ಬನ ನಾಲಗೆಯಿಂದ ತಾಯಿನುಡಿ ಜಾರಿಹೋಗಬಲ್ಲದು ಎಂಬುದು ನನಗೆ ಬರಿಯ ಚರಿತ್ರೆಯ ಸಂಗತಿಯಾಗಿ ಕಾಣಲಿಲ್ಲ. ನನ್ನ ಮೊಮ್ಮಗಳು ನನ್ನೊಡನೆ ಫೋನಿನಲ್ಲಿ "ಅಜ್ಜ, ಹೇಗಿದ್ದೀರಿ?" ಎನ್ನುತ್ತಾಳೆ. ಅದರ ಮುಂದಿನ ವಾಕ್ಯ ಕನ್ನಡದಲ್ಲಿ ಬರುವುದಿಲ್ಲ.

ಕಥೆಗೆ ಮರಳುತ್ತೇನೆ. 1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ಜುಲೈ ಕೊನೆಯಲ್ಲಿ ಅವನೂ ಸಫ್ರೆನ್ನನೂ ಕಡಲೂರಿನ ಬಳಿ ಭೇಟಿಯಾಗಿ ಮುಂದಿನ ಯುದ್ಧದ ಮಾತನಾಡಿದ್ದರು. ಆ ಮಾತು ಅಲ್ಲಿಗೇ ನಿಂತಿತು. ಆ ಹೊತ್ತಿಗೆ ಹ್ಯೂಸ್ ಮುಂಬಯಿಯ ಹಾದಿಯಲ್ಲಿದ್ದ. ಇಲ್ಲಿಯ ಗೋದಿಯಲ್ಲಿ ಅವನ ಹಡಗುಗಳು ಮರುಹುಟ್ಟು ಪಡೆಯುತ್ತಿದ್ದ ದಿನಗಳಲ್ಲಿಯೇ, 1783ರ ಜನವರಿಯಲ್ಲಿ, ಮುಂಬಯಿಯ ಸೈನ್ಯ ಜನರಲ್ ಮ್ಯಾಥ್ಯೂಸನ ಮುಂದಾಳ್ತನದಲ್ಲಿ ಉತ್ತರ ಕನ್ನಡದ ದಡದಲ್ಲಿ ಇಳಿಯಿತು. ಹೊನ್ನಾವರ ಬಿತ್ತು. ಕುಂದಾಪುರದ ಮೇಲೆ ಹಾದು, ಹೊಸಂಗಡಿಯ ಘಟ್ಟ ಹತ್ತಿ, ಅವರು ಬಿದನೂರಿಗೇ ಹೋದರು. ಮಾರ್ಚಿಯಲ್ಲಿ ಮಂಗಳೂರೂ ಅವರದಾಯಿತು. ತಡೆಯಲು ಸಮುದ್ರದಲ್ಲಿ ಒಂದು ಹಡಗೂ ಇರಲಿಲ್ಲ. ಅವು 1780ರಲ್ಲಿಯೇ ಸುಟ್ಟುಹೋಗಿದ್ದವು. ಪೂರ್ವದಲ್ಲಿ ಫ್ರೆಂಚರ ಜೊತೆಗಿರಬೇಕಾಗಿದ್ದ ಟಿಪ್ಪು ತನ್ನ ಸೇನೆಯ ಬಹುಭಾಗವನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಓಡಿಬರಬೇಕಾಯಿತು. ಬಿದನೂರನ್ನು ಅವನು ಆ ಬೇಸಗೆಯಲ್ಲಿಯೇ ಮರಳಿ ಪಡೆದ. ಮಂಗಳೂರಿನ ಕೋಟೆಯ ಮುಂದೆ ಮಾತ್ರ 1784ರ ಜನವರಿಯವರೆಗೆ ಕಾಯಬೇಕಾಯಿತು. ಹಡಗೆಂದರೆ ಸೇನೆಯ ಕಾಲು ಎಂದೆನಲ್ಲ, ಇದು ಅದರ ಫಲ. ಮ್ಯಾಥ್ಯೂಸನಿಗೆ ಹ್ಯೂಸ್ ಅಪ್ಪಣೆ ಕೊಟ್ಟಿರಲಿಲ್ಲ, ನಿಜ. ಆದರೆ ದಾರಿಯನ್ನು ಗುಡಿಸಿಟ್ಟವನು ಹ್ಯೂಸ್.

1783ರ ಏಪ್ರಿಲಿನಲ್ಲಿ ಅವನು ಮದರಾಸಿಗೆ ಹಿಂತಿರುಗಿದ. ಈಗ ಅವನಿಗೆ ಹದಿನೆಂಟು ಯುದ್ಧನೌಕೆಗಳಿದ್ದವು, ಸಫ್ರೆನ್ನನಿಗೆ ಹದಿನೈದು. ಆದರೆ ಹ್ಯೂಸನ ಹಡಗುಗಳಲ್ಲಿ ಸ್ಕರ್ವಿ ಹಬ್ಬಿತ್ತು. ತಾಜಾ ತರಕಾರಿ, ಹಣ್ಣು ಇಲ್ಲದೆ ಒಸಡಿನಿಂದ ರಕ್ತ ಒಸರಿ, ಹಳೆಯ ಗಾಯಗಳು ಬಾಯ್ಬಿಟ್ಟು, ನಾವಿಕರು ನಿಂತಲ್ಲಿಯೇ ಕುಸಿಯುತ್ತಿದ್ದರು. ಕುಡಿಯುವ ನೀರೂ ಮುಗಿಯುತ್ತ ಬಂದಿತ್ತು. ಜೂನ್ 20ರ ಐದನೆಯ ಕದನದ ಬಳಿಕ ಅವನು ಮದರಾಸಿಗೆ ಹಿಮ್ಮೆಟ್ಟಿದ. ಕಡಲೂರನ್ನು ಮುತ್ತಿದ್ದ ಇಂಗ್ಲಿಷ್ ಭೂಸೇನೆ ಆಸರೆಯಿಲ್ಲದೆ ಉಳಿಯಿತು. ಅದು ನಾಶವಾಗುವ ಎಲ್ಲ ಲಕ್ಷಣಗಳೂ ಇದ್ದವು. ಅಷ್ಟರಲ್ಲಿ ಯುರೋಪಿನಿಂದ ಸುದ್ದಿ ಬಂತು: ಸಂಧಿಯ ಕರಡಿಗೆ ಜನವರಿಯಲ್ಲಿಯೇ ಸಹಿ ಬಿದ್ದಿದೆ! ಐದನೆಯ ಕದನದಲ್ಲಿ ಸತ್ತವರೆಲ್ಲ ಮುಗಿದುಹೋಗಿದ್ದ ಯುದ್ಧದಲ್ಲಿ ಸತ್ತರು. ಫ್ರೆಂಚರು ಬಂದೂಕು ಕೆಳಗಿಟ್ಟರು. ಟಿಪ್ಪು ಒಬ್ಬಂಟಿಯಾದ. 1784ರ ಮಾರ್ಚಿ 11ರಂದು ಮಂಗಳೂರಿನ ಒಪ್ಪಂದವಾಯಿತು.

ಹ್ಯೂಸನ ಮುಂದಿನ ಬದುಕು ಚಿಕ್ಕದು. ಅವನು ಅಷ್ಟು ಕಾಲ ಹೊತ್ತು ತಿರುಗಿದ 'ಸುಪರ್ಬ್' 1783ರ ನವೆಂಬರಿನಲ್ಲಿ ತಲಶೇರಿಯ ಎದುರು ಒಡೆದು ಮುಳುಗಿತು. ಐದು ಕದನಗಳಲ್ಲಿ ಫ್ರೆಂಚರು ಮಾಡಲಾಗದ್ದನ್ನು ನಮ್ಮ ಪಡುಗಡಲು ಮಾಡಿತು. 1785ರಲ್ಲಿ ಅವನು ಊರಿಗೆ ಮರಳಿದ. ಜೋಷುವಾ ರೆನಾಲ್ಡ್ಸ್ ಅವನ ಭಾವಚಿತ್ರ ಬರೆದ, ಅದು ಗ್ರೀನಿಚ್ಚಿನಲ್ಲಿದೆ. ಚಿತ್ರದಲ್ಲಿ ಕಾಣುವುದು ವೀರಾವೇಶದ ಮುಖವಲ್ಲ. ದಪ್ಪ ಮೈಯ, ದಣಿದ ಮುದುಕನೊಬ್ಬ. ನೌಕಾಪಡೆಯ ಮುಖ್ಯಸ್ಥನಿಗೆ ಹಿಡಿದ ಆಸ್ತಿಯಲ್ಲಿ ಎಂಟನೆಯ ಒಂದು ಪಾಲು ಸಲ್ಲುವುದು ಆ ಕಾಲದ ಪದ್ಧತಿ. ಹಾಗಾಗಿ ಅವನು ಪೂರ್ವದಿಂದ ಒಯ್ದ ಐಶ್ವರ್ಯ ಅಪಾರ. 1794ರಲ್ಲಿ ಸತ್ತ. ಸ್ವಂತ ಮಕ್ಕಳಿಲ್ಲದ ಅವನ ಸಂಪತ್ತು ಹೆಂಡತಿಯ ಮೊದಲ ಮದುವೆಯ ಪೀಳಿಗೆಗೆ ಹೋಯಿತು. 'ಗೋಲ್ಡನ್ ಬಾಲ್' ಎಂದು ಲಂಡನ್ನಿನಲ್ಲಿ ಹೆಸರಾದ ಶೋಕಿಲಾಲನೊಬ್ಬ ಅದರ ಬಹುಭಾಗವನ್ನು ಜೂಜಿನಲ್ಲಿಯೂ ವಿಲಾಸದಲ್ಲಿಯೂ ಉಡಾಯಿಸಿದ. ಸಫ್ರೆನ್ ಫ್ರಾನ್ಸಿಗೆ ಮರಳಿ ಸಿಂಹಾಸನದವರೆಗೆ ಮರ್ಯಾದೆ ಪಡೆದು 1788ರಲ್ಲಿ ತೀರಿಕೊಂಡ. ಅವನ ಕೀರ್ತಿ ಉಳಿಯಿತು. ಅವನು ಕಾದಾಡಿದ್ದರ ಫಲ ಫ್ರಾನ್ಸಿಗೆ ಉಳಿಯಲಿಲ್ಲ. ಹ್ಯೂಸನ ಕೀರ್ತಿ ಅಳಿಯಿತು. ಫಲ ಮಾತ್ರ ಇಂಗ್ಲೆಂಡಿಗೆ ನೂರೈವತ್ತು ವರ್ಷ ಉಳಿಯಿತು.

ಮಿತ್ರರೆ, ಇದೆಲ್ಲ ಹೊರನಾಡಿನಲ್ಲಿ ಕುಳಿತ ನಮಗೇಕೆ? ಇದಕ್ಕೆ ಉತ್ತರ ಕೊಡದೆ ಮುಗಿಸಿದರೆ ನಾನು ನಿಮ್ಮ ಸಂಜೆಯನ್ನು ಕದ್ದಂತಾಗುತ್ತದೆ.

1799ರಲ್ಲಿ ಟಿಪ್ಪು ಬಿದ್ದಾಗ ಕಂಪನಿ ಘಟ್ಟದ ಮೇಲಿನ ಮೈಸೂರನ್ನು ಒಡೆಯರಿಗೆ ಮರಳಿಸಿತು. ಕರಾವಳಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಯಾಕೆ? ಮಂಗಳೂರಿನಂಥ ಬಂದರುಳ್ಳ ಅರಸ ಮತ್ತೆ ಹಡಗು ಕಟ್ಟಿಯಾನು, ಮತ್ತೊಬ್ಬ ಸಫ್ರೆನ್ನನನ್ನು ಕರೆದಾನು ಎಂಬ ಎಚ್ಚರ. ಹೀಗೆ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತು. ಅದನ್ನು ಮತ್ತೆ ಎರಡಾಗಿ ಸೀಳಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ದಕ್ಷಿಣ ಕನ್ನಡದವನಿಗೆ ರಾಜಧಾನಿ ಮದರಾಸು, ಕಾರವಾರದವನಿಗೆ ಮುಂಬಯಿ. ಬೆಂಗಳೂರು ಇಬ್ಬರಿಗೂ ಪರರಾಜ್ಯ. ಓದಲು, ಕೋರ್ಟಿಗೆ, ಕೆಲಸಕ್ಕೆ, ಹೊಟೇಲು ಹಾಕಲು ನಮ್ಮವರು ಹೋದದ್ದು ಆ ದಾರಿಗಳಲ್ಲಿಯೇ. ಆ ದಾರಿಯಲ್ಲಿಯೇ ಆಗಬೋಟು ಓಡಿತು. ನನ್ನ ತಂದೆ ಹತ್ತಿದ್ದು ಅದನ್ನೇ. 1956ರಲ್ಲಿ ನಾಡು ಒಂದಾಗುವ ಹೊತ್ತಿಗೆ ಎರಡು 'ಹೊರನಾಡು'ಗಳು ಆಗಲೇ ಹುಟ್ಟಿಕೊಂಡಿದ್ದವು. ಮಂಗಳೂರಿನ ಅಳಿವೆಯಲ್ಲಿ ಅಂದು ಹಚ್ಚಿದ ಬೆಂಕಿಯೊಂದೇ ಇದಕ್ಕೆಲ್ಲ ಕಾರಣವೆಂದು ಹೇಳುವಷ್ಟು ಮೂಢ ನಾನಲ್ಲ. ಆದರೆ ನಾವು ಇಲ್ಲಿ ಕುಳಿತಿರುವುದಕ್ಕೂ ಆ ಬೆಂಕಿಗೂ ಒಂದು ಎಳೆ ಇದೆ ಎಂಬುದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ನಮ್ಮ ನಾಡಿಗೆ ಕಾರವಾರದಿಂದ ಉಳ್ಳಾಲದಾಚೆಯವರೆಗೆ ಸುಮಾರು 300 ಕಿಲೋಮೀಟರ್ ಕಡಲಿದೆ. ಆದರೂ ನಮ್ಮ ಚರಿತ್ರೆ ಕಡಲಿಗೆ ಬೆನ್ನು ಮಾಡಿ ಕುಳಿತಿದೆ. ಮಂಜಿ, ಪತ್ತೆಮಾರಿ, ಗುರಾಬ, ಕೂವೆ ಎಂಬ ಮಾತುಗಳು ಗೊತ್ತಿರುವವರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದೀರಿ. ಮೊಗವೀರ ಸಮಾಜದ ಹಿರಿಯರಿದ್ದೀರಿ. ಮಳೆಗಾಲ ಮುಗಿದೊಡನೆ ಹೆಂಚು, ಕಟ್ಟಿಗೆ ತುಂಬಿ ಮುಂಬಯಿಗೆ ಬರುತ್ತಿದ್ದ ಹಾಯಿದೋಣಿಗಳನ್ನು ಕಂಡವರಿದ್ದೀರಿ. ಈ ಸಂಘಕ್ಕೆ ನನ್ನದೊಂದು ಸಲಹೆ. ನಾಟಕೋತ್ಸವ, ಸನ್ಮಾನ ಎಲ್ಲವೂ ನಡೆಯಲಿ. ಅದರೊಡನೆ, ಈ ಹಿರಿಯರ ಬಳಿ ಒಂದು ನೋಟುಪುಸ್ತಕ ಹಿಡಿದು ಕೂರಲು ನಾಲ್ಕು ಜನ ಯುವಕರನ್ನು ನೇಮಿಸಿ. ಹಡಗಿನ ಮಾತುಗಳನ್ನು, ಗಾಳಿಗಳ ಹೆಸರುಗಳನ್ನು, ಆಗಬೋಟಿನ ನೆನಪುಗಳನ್ನು ಬರೆದಿಡಲಿ. ಮೊದಲ ಪುಸ್ತಕದ ಖರ್ಚು ನನ್ನದು.

ಬರೆದುಕೊಳ್ಳಲು ಬರುವವರಿಗೆ ಕನ್ನಡ ಬರೆಯಲು ಬರದಿದ್ದರೆ ಅದನ್ನೂ ಕಲಿಸೋಣ. ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿಯೇ ಇರುತ್ತೇನೆ.